ನಿಂಬೆ–ಕಿತ್ತಳೆ ಸಿಗಡಿ ಸ್ಟಾರ್ಟರ್: ರಬ್ಬರ್ ಆಗದ ಹಾಗೆ, ಕಹಿ ಬಾರದ ಹಾಗೆ ಮಾಡೋದು ಹೇಗೆ?

ಹುಳಿಸಿಹಿ:

ಎಲ್ಲರಿಗೂ ನಮಸ್ಕಾರ. ಸಿಟ್ರಸ್ ಸಿಗಡಿ ಸ್ಟಾರ್ಟರ್ ವಿಷಯದಲ್ಲಿ ಸಹಾಯ ಬೇಕಿತ್ತು. ಗ್ರೇವಿ ಬೇಡ. ಟೂತ್‌ಪಿಕ್ ಚುಚ್ಚಿ ಒಂದೊಂದಾಗಿ ತಿನ್ನುವಂತಿರಬೇಕು, ಮೇಲೆ ನಿಂಬೆ ಮತ್ತು ಕಿತ್ತಳೆಯ ತೆಳು ಲೇಪ ಹೊಳೆಯಬೇಕು. ಹತ್ತು ಜನರಿಗೆ ಮಾಡಬೇಕಿದೆ.

ಈಗ ಮಾಡಿದ ಕ್ರಮ ಹೀಗಿದೆ. ಬಿಡಿಸಿದ ಫ್ರೋಜನ್ ಸಿಗಡಿ ಅರ್ಧ ಕೆಜಿ. ಮೂರು ನಿಂಬೆಹಣ್ಣಿನ ರಸ, ಒಂದು ಹಣ್ಣಿನ ಸಿಪ್ಪೆ ತುರಿ, ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಮೆಣಸಿನಪುಡಿ ಎಲ್ಲ ಕಲಸಿ ಒಂದು ಗಂಟೆ ಇಟ್ಟೆ. ನಾನ್‌ಸ್ಟಿಕ್ ಪ್ಯಾನ್‌ನಲ್ಲಿ ಅಷ್ಟನ್ನೂ ಒಟ್ಟಿಗೆ ಹಾಕಿ ಆರೇಳು ನಿಮಿಷ ಬೇಯಿಸಿ, ಅರ್ಧ ಲೋಟ ಕಿತ್ತಳೆ ರಸ ಸುರಿದು ಬತ್ತಿಸಿದೆ.

ಆದದ್ದು ಇಷ್ಟು:

1. ಒಲೆಗೆ ಹಾಕುವ ಮೊದಲೇ ಅಂಚುಗಳು ಬೆಳ್ಳಗಾಗಿದ್ದವು. ಬೆಂದ ಮೇಲೆ ಹೊರಗೆ ಸೀಮೆಸುಣ್ಣದಂತೆ ಒಣಒಣ, ಒಳಗೆ ರಬ್ಬರ್.
2. ಪ್ಯಾನ್ ತುಂಬ ಬಿಳಿ ನೊರೆ ನೀರು. ಹುರಿಯುವುದರ ಬದಲು ಬೇಯಿಸಿದ ಹಾಗಾಯಿತು.
3. ಹುಳಿ ಜೋರಾಗಿದೆ, ಆದರೆ ನಿಂಬೆಯ ಘಮ ಇಲ್ಲವೇ ಇಲ್ಲ.
4. ಕೊನೆಯಲ್ಲಿ ನಾಲಿಗೆಯ ಹಿಂದೆ ಸಣ್ಣ ಕಹಿ ಉಳಿಯುತ್ತದೆ.

ಯಾವುದು ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳಿದರೆ ಉಪಕಾರ. ರೆಸಿಪಿಗಿಂತ ಕಾರಣ ತಿಳಿದರೆ ಮುಂದೆ ನಾನೇ ಸರಿಮಾಡಿಕೊಳ್ಳಬಹುದು.


ಕಬ್ಬಿಣದ ಕಾವಲಿ:

ತೊಂದರೆಗಳನ್ನು ಬೇರೆಬೇರೆ ಮಾಡಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಾಲ್ಕಕ್ಕೂ ಕಾರಣ ಬೇರೆ. ಕಹಿಯ ವಿಷಯ ಬೇರೆಯವರು ಹೇಳಲಿ, ನಾನು ಸಿಗಡಿಯ ಕಡೆಯಿಂದ ಶುರು ಮಾಡುತ್ತೇನೆ.

ಮೊದಲನೆಯದು, ನೆನೆಸಿದ್ದು. ಹುಳಿ ತಾಗಿದಾಗ ಸಿಗಡಿಯ ಪ್ರೋಟೀನ್ ಸುರುಳಿ ಬಿಚ್ಚಿಕೊಂಡು ಮತ್ತೆ ಗಂಟು ಹಾಕಿಕೊಳ್ಳುತ್ತದೆ. ಬೆಂಕಿ ಮಾಡುವುದೂ ಇದನ್ನೇ. ಅಂಚು ಬೆಳ್ಳಗಾದದ್ದು ಆ ಗುರುತು. ಅಂದರೆ ಒಲೆಗೆ ಬರುವಷ್ಟರಲ್ಲಿ ಹೊರಪದರ ಒಮ್ಮೆ ಗಟ್ಟಿಯಾಗಿತ್ತು, ಕಾವು ಅದನ್ನು ಎರಡನೇ ಸಲ ಬಿಗಿಯಿತು, ಒಳಗಿದ್ದ ನೀರು ಹೊರಬಂತು. ಸೀಮೆಸುಣ್ಣದ ಒಣಕಲು ಅಲ್ಲಿಂದ ಬಂದದ್ದು. ಮಾಂಸಕ್ಕೆ ಗಂಟೆಗಟ್ಟಲೆ ನೆನೆಸುವ ರೂಢಿಯನ್ನು ಸಿಗಡಿಗೆ ತರಬೇಡಿ. ಒಂದು ಸಿಗಡಿ ಹೆಚ್ಚೆಂದರೆ ಒಂದೂವರೆ ಸೆಂ.ಮೀ. ದಪ್ಪ, ಹುಳಿ ಎರಡೂ ಕಡೆಯಿಂದ ಇಳಿಯುತ್ತದೆ. ಬೆಂಕಿಗೆ ಹೋಗುವ ಸಿಗಡಿಗೆ ರಸ ತಾಗಿಸುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ರಸ ಕೊನೆಗೆ.

ಎರಡನೆಯದು, ನೊರೆ ನೀರು. ಪ್ಯಾಕೆಟ್ ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ‘ಸೋಡಿಯಂ ಟ್ರೈಪಾಲಿಫಾಸ್ಫೇಟ್’ ಅಥವಾ E451 ಎಂದಿದ್ದರೆ ಆ ಸಿಗಡಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವಂತೆ ಮಾಡಿದ್ದು. ಬಿಸಿಯಾದ ಕೂಡಲೇ ಆ ನೀರನ್ನೆಲ್ಲ ಬಿಡುತ್ತದೆ. ಪಟ್ಟಿಯಲ್ಲಿ ಸಿಗಡಿ, ಹೆಚ್ಚೆಂದರೆ ಉಪ್ಪು, ಇಷ್ಟೇ ಇರುವುದನ್ನು ತನ್ನಿ. ಇದರ ಜೊತೆಗೆ ಅರ್ಧ ಕೆಜಿಯನ್ನು ಒಂದೇ ಸಲ ಹಾಕಿದಿರಿ. ಪ್ಯಾನ್ ತಣ್ಣಗಾಯಿತು, ಬಿಟ್ಟ ನೀರು ಆವಿಯಾಗುವಷ್ಟು ಕಾವು ಉಳಿಯಲಿಲ್ಲ. ಹಸಿ ಸಿಗಡಿ, ಒದ್ದೆ ಮೈ, ತಣ್ಣನೆ ಪ್ಯಾನ್ ಮೂರೂ ಸೇರಿದರೆ ಯಾರು ಮಾಡಿದರೂ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ಮೂರನೆಯದು, ಸಮಯ. ಆರೇಳು ನಿಮಿಷ ತುಂಬಾ ಹೆಚ್ಚಾಯಿತು. ಮಧ್ಯಮ ಗಾತ್ರದ ಸಿಗಡಿಗೆ ಎರಡೂ ಬದಿ ಸೇರಿ ಎರಡೂವರೆ ನಿಮಿಷ ಸಾಕು.

ಈಗ ಮಾಡುವ ಕ್ರಮ. ಅರ್ಧ ಕೆಜಿಗೆ ಲೆಕ್ಕ ಕೊಡುತ್ತೇನೆ.

ಗಾತ್ರ: ಪ್ಯಾಕೆಟ್ ಮೇಲೆ 21/25 ಎಂದಿದ್ದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 21ರಿಂದ 25 ಸಿಗಡಿ ಎಂದರ್ಥ. ಸಂಖ್ಯೆ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು. ಟೂತ್‌ಪಿಕ್‌ಗೆ 21/25 ಅಥವಾ 16/20 ಸರಿ. 41/50 ತಂದರೆ ಹೊರಗೆ ಬಣ್ಣ ಬರುವ ಹೊತ್ತಿಗೆ ಒಳಗೆ ಅತಿಯಾಗಿ ಬೆಂದಿರುತ್ತದೆ.

ಕರಗಿಸುವುದು: ಹಿಂದಿನ ರಾತ್ರಿ ಫ್ರಿಜ್‌ನಲ್ಲಿ ಇಡಿ. ಅವಸರವಿದ್ದರೆ ಗಾಳಿ ತೆಗೆದ ಚೀಲದಲ್ಲಿ ಹಾಕಿ ತಣ್ಣೀರಲ್ಲಿ ಮುಳುಗಿಸಿಡಿ, 20 ನಿಮಿಷ ಸಾಕು. ಬಿಸಿನೀರು ಬೇಡ, ಅಂಚು ಅಲ್ಲೇ ಬೇಯುತ್ತದೆ.

ಉಪ್ಪು–ಸೋಡಾ: ಟಿಶ್ಯೂ ಪೇಪರ್‌ನಲ್ಲಿ ಒತ್ತಿ ಒರೆಸಿದ ಸಿಗಡಿಗೆ ಅರ್ಧ ಟೀ ಚಮಚ ಪುಡಿ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ ಉದುರಿಸಿ ಕೈಯಿಂದ ಚೆನ್ನಾಗಿ ಕಲಸಿ, ಮುಚ್ಚದೆ ಫ್ರಿಜ್‌ನಲ್ಲಿ 20ರಿಂದ 30 ನಿಮಿಷ ಇಡಿ. ಉಪ್ಪು ಒಳಗಿನ ನೀರನ್ನು ಹಿಡಿದಿಡುತ್ತದೆ. ಸೋಡಾ ಕ್ಷಾರ, ನಿಂಬೆ ಮಾಡಿದ್ದಕ್ಕೆ ಸರಿಯಾಗಿ ಎದುರು ಕೆಲಸ ಮಾಡುತ್ತದೆ: ಪ್ರೋಟೀನ್ ಅಷ್ಟು ಬಿಗಿಯಾಗಲು ಬಿಡುವುದಿಲ್ಲ, ಕಚ್ಚಿದರೆ ಟಕ್ ಎನ್ನುವ ಗುಣ ಬರುತ್ತದೆ, ಬಣ್ಣವೂ ಬೇಗ ಹಿಡಿಯುತ್ತದೆ. ಫಾಸ್ಫೇಟ್ ಹಾಕಿದ ಸಿಗಡಿಯೇ ಸಿಕ್ಕಿದರೆ ಸೋಡಾ ಬಿಟ್ಟುಬಿಡಿ. ಅದು ಮೊದಲೇ ಕ್ಷಾರ, ಎರಡೂ ಸೇರಿದರೆ ಸಾಬೂನಿನ ರುಚಿ, ಜೆಲ್ಲಿಯಂಥ ಹದ.

ಬೇಯಿಸುವುದು: ದಪ್ಪ ತಳದ 26–28 ಸೆಂ.ಮೀ. ಬಾಣಲೆ, ಜೋರು ಉರಿ, ಒಂದು ದೊಡ್ಡ ಚಮಚ ಎಣ್ಣೆ. ಎಣ್ಣೆ ತೆಳ್ಳಗೆ ಹರಿದು ಮೇಲೆ ಅಲೆಅಲೆಯಾಗಿ ಕಾಣಬೇಕು. ಸಿಗಡಿಯನ್ನು ಮತ್ತೊಮ್ಮೆ ಒರೆಸಿ ಅರ್ಧದಷ್ಟನ್ನು ಮಾತ್ರ ಹಾಕಿ, ಒಂದಕ್ಕೊಂದು ತಾಗದಂತೆ. ಮೊದಲ ಬದಿ ಒಂದೂವರೆ ನಿಮಿಷ ಮುಟ್ಟಲೇಬೇಡಿ. ಮಗುಚಿ, ಎರಡನೇ ಬದಿಗೆ 30ರಿಂದ 40 ಸೆಕೆಂಡ್, ತಟ್ಟೆಗೆ. ಉಳಿದ ಅರ್ಧಕ್ಕೂ ಹೀಗೆಯೇ.

ಬೆಂದದ್ದು ತಿಳಿಯಲು ಬಣ್ಣಕ್ಕಿಂತ ಒಂದು ಜಾಗ ನೋಡಿ. ಬೆನ್ನಿನ ಕಪ್ಪು ನರ ತೆಗೆದ ಸೀಳು ಇರುತ್ತದಲ್ಲ, ಅದರ ತಲೆಯ ಕಡೆಯ ತುದಿ ಎಲ್ಲಕ್ಕಿಂತ ದಪ್ಪ. ಅಲ್ಲಿ ಸೀಳಿನ ತಳದಲ್ಲಿ ಗಾಜಿನಂತೆ ಬೂದು ಬಣ್ಣ ಕಾಣುತ್ತಿದ್ದರೆ ಇನ್ನೂ ಹಸಿ. ಆ ಗಾಜು ಹಾಲಿನ ಬಿಳಿಗೆ ತಿರುಗುತ್ತಿರುವಾಗ ತೆಗೆಯಬೇಕು. ತಟ್ಟೆಯಲ್ಲಿ, ಮತ್ತೆ ಸಾಸ್‌ನಲ್ಲಿ ಉಳಿದದ್ದು ಬೇಯುತ್ತದೆ. ಥರ್ಮಾಮೀಟರ್ ಇದ್ದರೆ ಬಡಿಸುವ ಹೊತ್ತಿಗೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಬಂದಿರಬೇಕು. ಸಡಿಲವಾಗಿ ಇಂಗ್ಲಿಷಿನ C ಆಕಾರಕ್ಕೆ ಬಾಗಿದ್ದರೆ ಸರಿ, ತಲೆ ಬಾಲ ಕೂಡಿ ಉಂಗುರವಾದರೆ ಮೀರಿತು.

ಒಂದು ಎಚ್ಚರಿಕೆ. ಕಬ್ಬಿಣದ ಕಾವಲಿಯಲ್ಲಿ ಹುರಿದರೆ ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಅದರಲ್ಲೇ ಹಣ್ಣಿನ ರಸ ಸುರಿಯಬೇಡಿ. ಹುಳಿಗೆ ಕಬ್ಬಿಣ ಬಿಟ್ಟುಕೊಂಡು ಲೋಹದ ರುಚಿ ಬರುತ್ತದೆ, ಕಾವಲಿಯ ಪಳಗಿದ ಪದರವೂ ಹೋಗುತ್ತದೆ. ಸಾಸ್‌ಗೆ ಸ್ಟೀಲ್ ಪಾತ್ರೆ. ಬರೀ ಅಲ್ಯೂಮಿನಿಯಂ ಕೂಡ ಬೇಡ.


ಸಿಪ್ಪೆತುರಿ:

ಮೇಲಿನ ಉತ್ತರಕ್ಕೆ ನನ್ನ ಪೂರ್ತಿ ಒಪ್ಪಿಗೆ. ಘಮ ಮತ್ತು ಕಹಿ, ಇವೆರಡನ್ನು ನಾನು ಹೇಳುತ್ತೇನೆ.

ಹುಳಿ ಇರುವುದು ರಸದಲ್ಲಿ, ಘಮ ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯ ಮೇಲ್ಮೈಯಲ್ಲಿ ಕಾಣುವ ಸಣ್ಣ ಸಣ್ಣ ಚುಕ್ಕೆಗಳು ಎಣ್ಣೆಯ ಚೀಲಗಳು. ಕಿತ್ತಳೆ ಸಿಪ್ಪೆಯನ್ನು ಬೆಳಕಿಗೆ ಹಿಡಿದು ಮಡಚಿದರೆ ಸಣ್ಣ ತುಂತುರು ಹಾರುತ್ತದಲ್ಲ, ನಮಗೆ ಬೇಕಾದದ್ದು ಅದು. ಆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೊನೀನ್. ನಿಂಬೆಗೆ ನಿಂಬೆಯದೇ ವಾಸನೆ ಕೊಡುವುದು ಅದರಲ್ಲಿ ಸ್ವಲ್ಪವೇ ಇರುವ ಸಿಟ್ರಾಲ್. ಎರಡೂ ನೀರಿನಲ್ಲಿ ಬೆರೆಯುವುದಿಲ್ಲ, ಎಣ್ಣೆ ಬೆಣ್ಣೆಯಲ್ಲಿ ಬೆರೆಯುತ್ತವೆ. ಆವಿಯ ಜೊತೆ ಹಾರಿಯೂ ಹೋಗುತ್ತವೆ. ನಿಮ್ಮ ಪ್ಯಾನ್‌ನಲ್ಲಿ ಆರೇಳು ನಿಮಿಷ ನೀರು ಕುದಿಯಿತು, ತುರಿಯ ಘಮವೆಲ್ಲ ಆವಿಯೊಂದಿಗೆ ಮೇಲಕ್ಕೆ ಹೋಯಿತು. ಅಡುಗೆಮನೆ ತುಂಬ ವಾಸನೆ ಬಂದಿರಬೇಕು, ತಟ್ಟೆಯಲ್ಲಿ ಉಳಿಯಲಿಲ್ಲ. ಹುಳಿ ಹಾರುವುದಿಲ್ಲ, ಹಾಗಾಗಿ ಹುಳಿ ಮಾತ್ರ ಜೋರಾಗಿ ನಿಂತಿತು.

ಆದ್ದರಿಂದ ಸಿಪ್ಪೆಯನ್ನು ಎರಡು ಸಲ ಬಳಸಿ. ಮೊದಲು, ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ನಿಂದ ಒಂದು ಕಿತ್ತಳೆ, ಒಂದು ನಿಂಬೆಯಿಂದ ಅಗಲ ಪಟ್ಟಿಗಳನ್ನು ತೆಗೆಯಿರಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಹಾಕಿ ತೀರಾ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬೆಚ್ಚಗೆ ಇಡಿ. ಸಿಪ್ಪೆಯ ಅಂಚು ಕಂದು ತಿರುಗುವುದಿರಲಿ, ಗುಳ್ಳೆಯೂ ಏಳಬಾರದು. ಪಟ್ಟಿಗಳನ್ನು ಎತ್ತಿ ಬಿಸಾಡಿ. ಈ ಎಣ್ಣೆಯಲ್ಲಿ ಒಂದು ಚಮಚ ಸಿಗಡಿಗೆ ಸವರಲು, ಉಳಿದದ್ದು ಹುರಿಯಲು ಮತ್ತು ಸಾಸ್‌ಗೆ. ಎರಡನೇ ಸಲ, ಉರಿ ಆರಿಸಿದ ಮೇಲೆ, ಬೇರೆ ಹಣ್ಣಿನ ನುಣ್ಣನೆ ತುರಿ: ನಿಂಬೆಯದು ಒಂದು ಟೀ ಚಮಚ, ಕಿತ್ತಳೆಯದು ಒಂದು ಟೀ ಚಮಚ. ತುರಿಯನ್ನು ಮೊದಲೇ ಮಾಡಿಡಬೇಡಿ. ಹತ್ತು ನಿಮಿಷ ತಟ್ಟೆಯಲ್ಲಿ ಒಣಗಿದ ತುರಿಗೂ ಬಾಣಲೆಯ ಮೇಲೇ ಹಿಡಿದು ತುರಿದದ್ದಕ್ಕೂ ವ್ಯತ್ಯಾಸ ಮೂಗಿಗೆ ತಕ್ಷಣ ಗೊತ್ತಾಗುತ್ತದೆ.

ಸಿಪ್ಪೆ ಬಳಸುವ ಹಣ್ಣನ್ನು ಬಿಸಿನೀರಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ. ಹೊಳಪಿಗೆ ಮೇಣ ಸವರಿದ ಹಣ್ಣು ಮುಟ್ಟಿದರೆ ಜಾರುಜಾರು ಇರುತ್ತದೆ.

ಇನ್ನು ಕಹಿ. ನೀವು ಬರೆದ ಕ್ರಮದಲ್ಲಿ ಕಹಿ ಬರಬಹುದಾದ ಜಾಗ ನಾಲ್ಕು.

ಒಂದು, ತುರಿಯುವಾಗ ಬಣ್ಣದ ಪದರ ದಾಟಿ ಒಳಗಿನ ಬಿಳಿ ಪದರಕ್ಕೆ ಹೋಗಿದ್ದು. ಒಂದೇ ಜಾಗದಲ್ಲಿ ಎರಡು ಸಲ ತುರಿದರೆ ಅದೇ ಆಗುತ್ತದೆ. ಒಂದು ಎಳೆತ, ಹಣ್ಣು ತಿರುಗಿಸಿ, ಮತ್ತೊಂದು ಎಳೆತ. ತುರಿ ಪೂರ್ತಿ ಹಳದಿ ಇರಬೇಕು, ಮಾಸಲು ಕಂಡರೆ ಬಿಳಿ ಸೇರಿದೆ.

ಎರಡು, ಜಜ್ಜಿದ ಬೆಳ್ಳುಳ್ಳಿ ಸೀದದ್ದು. ಜಜ್ಜಿದ್ದು ಜೋರು ಉರಿಯಲ್ಲಿ ಅರ್ಧ ನಿಮಿಷ ತಡೆಯುವುದಿಲ್ಲ.

ಮೂರು, ಹಣ್ಣು ಹಿಂಡುವಾಗ ಬೀಜ ಒಡೆದದ್ದು ಅಥವಾ ಸಿಪ್ಪೆಯ ಸಮೇತ ಬಲವಾಗಿ ಅಮುಕಿದ್ದು.

ನಾಲ್ಕು, ಕಿತ್ತಳೆಯ ಜಾತಿ. ನನ್ನ ಅನುಮಾನ ಹೆಚ್ಚಾಗಿ ಇದರ ಮೇಲೇ. ಬೀಜವಿಲ್ಲದ ನೇವಲ್ ಕಿತ್ತಳೆ, ಮೂಸಂಬಿ ಇವುಗಳ ರಸ ಹಿಂಡಿದಾಗ ಸಿಹಿ, ಇಟ್ಟಷ್ಟೂ ಕಹಿ. ಹಣ್ಣಿನ ಗೋಡೆಗಳಲ್ಲಿ ಕಹಿಯಿಲ್ಲದ ರೂಪದಲ್ಲಿರುವ ಒಂದು ಪದಾರ್ಥ ರಸದ ಹುಳಿ ತಾಗಿ ನಿಧಾನವಾಗಿ ಲಿಮೊನಿನ್ ಎಂಬ ಕಹಿಯಾಗಿ ಬದಲಾಗುತ್ತದೆ. ಘಮ ಕೊಡುವ ಲಿಮೊನೀನ್ ಬೇರೆ, ಇದು ಬೇರೆ, ಹೆಸರು ಮಾತ್ರ ಹತ್ತಿರ. ಬೆಳಿಗ್ಗೆ ಹಿಂಡಿಟ್ಟು ಸಂಜೆ ಬಳಸಿದ್ದರೆ ಕಾರಣ ಅದೇ. ಹಿಂಡಿದ ಕೂಡಲೇ ಸೋಸಿ ಬಳಸಿ, ಇಲ್ಲವೇ ಬೇರೆ ಕಿತ್ತಳೆ ತನ್ನಿ.

ಯಾವ ಹಣ್ಣು ಎಷ್ಟು ಎನ್ನುವುದಕ್ಕೆ ಒಂದು ಅಳತೆ: ನಿಂಬೆ ರಸದಲ್ಲಿ ಸುಮಾರು 5ರಿಂದ 6 ಶೇಕಡ ಸಿಟ್ರಿಕ್ ಆಮ್ಲ, ಕಿತ್ತಳೆಯಲ್ಲಿ ಶೇಕಡ 1ರ ಆಸುಪಾಸು. ಕಿತ್ತಳೆಯೊಂದರಿಂದಲೇ ಹುಳಿ ತರಲು ಹೋದರೆ ಸಿಗಡಿ ಸಿಹಿತಿಂಡಿಯಾಗುತ್ತದೆ, ನಿಂಬೆಯೊಂದೇ ಆದರೆ ಬರೀ ಚುರುಕು. ಕಿತ್ತಳೆಯನ್ನು ಮೈಗೆ, ನಿಂಬೆಯನ್ನು ಮೊನೆಗೆ ಇಟ್ಟುಕೊಳ್ಳಿ. ಗ್ರೇಪ್‌ಫ್ರೂಟ್ ಹಾಕುವ ಆಸೆಯಿದ್ದರೆ ತಿನ್ನುವವರನ್ನು ಕೇಳಿ ಹಾಕಿ. ಕೊಲೆಸ್ಟ್ರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಅದು ಹೊಂದುವುದಿಲ್ಲ.


ತಣ್ಣನೆ ತಟ್ಟೆ:

ರಸವನ್ನು ಸಿಗಡಿಗೆ ತಾಗಿಸಲೇಬಾರದು ಎನ್ನುವುದಕ್ಕೆ ನನ್ನದು ಸಣ್ಣ ತಕರಾರು. ಹುರಿಯುವ ಮುಂಚೆ 8ರಿಂದ 10 ನಿಮಿಷ, ಒಂದು ದೊಡ್ಡ ಚಮಚ ರಸಕ್ಕೆ ಎರಡು ಚಮಚ ಎಣ್ಣೆ ಸೇರಿಸಿ ಸವರಿದರೆ ಹದ ಕೆಡುವುದಿಲ್ಲ. ಹುಳಿ ಮೇಲ್ಮೈಯಲ್ಲೇ ನಿಲ್ಲುತ್ತದೆ. ಕೆಂಡದ ಮೇಲೆ ಸುಡುವವರಿಗೆ ಇದು ಬೇಕಾಗುತ್ತದೆ, ಏಕೆಂದರೆ ಅಲ್ಲಿ ಕೊನೆಗೆ ಸಾಸ್ ಮಾಡಲು ಬಾಣಲೆ ಇರುವುದಿಲ್ಲ. ಆದರೆ ಹಾಗೆ ಮಾಡುವುದಾದರೆ ಸೋಡಾ ಬೇಡ. ಹುಳಿಯೂ ಸೋಡಾವೂ ಸೇರಿ ಬುಸುಗುಟ್ಟಿ ಒಂದನ್ನೊಂದು ಕೊಲ್ಲುತ್ತವೆ, ಎರಡರ ಪ್ರಯೋಜನವೂ ಇಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. ಹುಳಿಯಲ್ಲಿ ನೆನೆದ ಸಿಗಡಿ ಬೆಳ್ಳಗಾಗುತ್ತದೆ, ಸ್ವಲ್ಪ ಕೆಂಪೂ ತಿರುಗುತ್ತದೆ. ಸಿಗಡಿಯಲ್ಲಿರುವ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣವನ್ನು ಒಂದು ಪ್ರೋಟೀನ್ ಹಿಡಿದಿಟ್ಟುಕೊಂಡಿರುತ್ತದೆ. ಆ ಪ್ರೋಟೀನ್ ಕೆಟ್ಟರೆ, ಕಾವಿನಿಂದಾಗಲಿ ಹುಳಿಯಿಂದಾಗಲಿ, ಕೆಂಪು ಹೊರಬೀಳುತ್ತದೆ. ಹಾಗಾಗಿ ಬಣ್ಣ ಬದಲಾಯಿತು ಎಂದ ಮಾತ್ರಕ್ಕೆ ಅದು ಬೆಂದಿಲ್ಲ. ನಿಂಬೆರಸ ಸಿಗಡಿಯಲ್ಲಿರಬಹುದಾದ ಬ್ಯಾಕ್ಟೀರಿಯಾ, ಪರಾವಲಂಬಿಗಳನ್ನೆಲ್ಲ ಕೊಲ್ಲುವುದಿಲ್ಲ. ಗರ್ಭಿಣಿಯರು, ವಯಸ್ಸಾದವರು, ಮಕ್ಕಳು ತಿನ್ನುವ ತಟ್ಟೆಗೆ ಬೇಯಿಸದ ಸಿಗಡಿ ಇಡಲೇಬೇಡಿ.

ಹತ್ತು ಜನ ಎಂದಿರಿ. ಅಷ್ಟು ಜನರಿಗೆ ಬಿಸಿಬಿಸಿಯಾಗಿ ಹುರಿಯುತ್ತ ನಿಲ್ಲುವುದಕ್ಕಿಂತ ತಣ್ಣಗೆ ಬಡಿಸುವ ಬಗೆ ನೋಡಿ. ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಉಪ್ಪು, ಹತ್ತು ಕಾಳುಮೆಣಸು, ನಿಂಬೆ ಸಿಪ್ಪೆಯ ನಾಲ್ಕು ಪಟ್ಟಿ ಹಾಕಿ ಕುದಿಸಿ. ಉರಿ ಆರಿಸಿ, ಅರ್ಧ ಕೆಜಿ ಸಿಗಡಿ ಒಟ್ಟಿಗೆ ಹಾಕಿ, ಒಮ್ಮೆ ಕದಡಿ ಮುಚ್ಚಿ. ತಣ್ಣನೆಯ ಸಿಗಡಿ ಬಿದ್ದ ಕೂಡಲೇ ನೀರು 80 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ, ಆ ಮೆತ್ತನೆ ಕಾವಿನಲ್ಲಿ ಮೂರರಿಂದ ನಾಲ್ಕು ನಿಮಿಷಕ್ಕೆ ಸಮವಾಗಿ ಬೇಯುತ್ತದೆ. ಒಂದು ಸಿಗಡಿ ಕತ್ತರಿಸಿ ನೋಡಿ ತೆಗೆಯಿರಿ. ತಕ್ಷಣ ಐಸ್ ನೀರಿಗೆ, ಐದು ನಿಮಿಷ. ಅಲ್ಲೇ ಮರೆತರೆ ರುಚಿ ನೀರಿಗೆ ಹೋಗುತ್ತದೆ.

ಸವರುವುದಕ್ಕೆ: ಆಲಿವ್ ಎಣ್ಣೆ ಎರಡು ದೊಡ್ಡ ಚಮಚ, ನಿಂಬೆರಸ ಒಂದೂವರೆ, ಕಿತ್ತಳೆ ರಸ ಒಂದು, ಎರಡೂ ತುರಿ, ಚಿಟಿಕೆ ಉಪ್ಪು, ಸಣ್ಣಗೆ ಹೆಚ್ಚಿದ ಒಂದು ಹಸಿಮೆಣಸಿನಕಾಯಿ. ಇದನ್ನು ಬಡಿಸುವ ಹತ್ತು ನಿಮಿಷ ಮುಂಚೆ ಕಲಸಿ. ಸಿಗಡಿಯ ಮೈ ಒಣಗಿಲ್ಲದಿದ್ದರೆ ಎಣ್ಣೆ ಹಿಡಿಯುವುದಿಲ್ಲ, ತಟ್ಟೆಯ ತಳದಲ್ಲಿ ನೀರು ನಿಲ್ಲುತ್ತದೆ. ಕೊತ್ತಂಬರಿ ಸೊಪ್ಪು ಹಾಕುವುದಾದರೆ ಎಲ್ಲಕ್ಕಿಂತ ಕೊನೆಗೆ, ಹುಳಿಗೆ ಸೊಪ್ಪಿನ ಹಸಿರು ಬೇಗ ಮಾಸುತ್ತದೆ.


ಹುಳಿಸಿಹಿ:

ತುಂಬಾ ಧನ್ಯವಾದಗಳು. ಪ್ಯಾಕೆಟ್ ನೋಡಿದೆ, E451 ಇದೆ. ಕಿತ್ತಳೆ ನೇವಲ್ ಜಾತಿಯದೇ, ರಸ ಮಧ್ಯಾಹ್ನವೇ ಹಿಂಡಿಟ್ಟಿದ್ದೆ.

ಬಿಸಿಯಾಗಿಯೇ ಬಡಿಸುವ ಮನಸ್ಸಿದೆ. ಇನ್ನು ನಾಲ್ಕು ಪ್ರಶ್ನೆ. ಹೊಳೆಯುವ ಲೇಪ ಹೇಗೆ ಮಾಡುವುದು? ಬೆಣ್ಣೆಗೆ ನಿಂಬೆ ಹಾಕಿದರೆ ಒಡೆದು ಎಣ್ಣೆ ಬೇರೆ, ರಸ ಬೇರೆ ಆಗುತ್ತಿದೆ. ಹತ್ತು ಜನರಿಗೆ ಎಷ್ಟು ತರಬೇಕು? ಯಾವುದನ್ನು ಮುಂಚಿತವಾಗಿ ಮಾಡಿಡಬಹುದು? ಫ್ರೋಜನ್ ಬಿಟ್ಟು ತಲೆ ಸಹಿತ ಹಸಿ ಸಿಗಡಿ ತಂದರೆ ಏನು ನೋಡಬೇಕು?


ಕಬ್ಬಿಣದ ಕಾವಲಿ:

ಕೊನೆಯ ಪ್ರಶ್ನೆಯಿಂದ ಹಿಂದಕ್ಕೆ ಬರುತ್ತೇನೆ.

ತಲೆ ಸಹಿತ ತಂದರೆ ಮನೆಗೆ ಬಂದ ಕೂಡಲೇ ತಲೆ ತೆಗೆಯಿರಿ. ತಲೆಯೊಳಗಿನ ಜೀರ್ಣಾಂಗದ ಕಿಣ್ವಗಳು ಸೋರಿ ಹಿಂದಿನ ಮಾಂಸವನ್ನು ಕರಗಿಸತೊಡಗುತ್ತವೆ. ಬೇಯಿಸಿದಾಗ ತಲೆಯ ಕಡೆ ಹಿಟ್ಟುಹಿಟ್ಟು, ಬಾಲದ ಕಡೆ ಸರಿ ಎನ್ನುವ ಸಿಗಡಿ ಸಿಕ್ಕಿದರೆ ಕಾರಣ ಇದೇ. ಅದನ್ನು ಯಾವ ಮಸಾಲೆಯೂ ಸರಿಮಾಡುವುದಿಲ್ಲ. ಕೊಳ್ಳುವಾಗ ಚಿಪ್ಪು ಮೈಗೆ ಬಿಗಿಯಾಗಿ ಅಂಟಿರಬೇಕು, ಮುಟ್ಟಿದರೆ ಲೋಳೆ ಇರಬಾರದು, ಕಡಲಿನ ವಾಸನೆ ಬಿಟ್ಟು ಅಮೋನಿಯಾದ ಘಾಟು ಬಂದರೆ ಬೇಡ. ತಲೆ, ಚಿಪ್ಪು ಹೋದರೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ತೂಕ, ಲೆಕ್ಕ ಹಾಕುವಾಗ ನೆನಪಿರಲಿ.

ಬಿಡಿಸುವಾಗ ಬಾಲದ ಕೊನೆಯ ಗೆಣ್ಣಿನ ಚಿಪ್ಪು ಬಿಟ್ಟರೆ ತಟ್ಟೆಯಲ್ಲಿ ಚೆಂದ, ಹಿಡಿಯಲೂ ಸುಲಭ. ಆದರೆ ಬಾಲದ ರೆಕ್ಕೆಗಳ ನಡುವೆ ಚೂಪು ಮುಳ್ಳೊಂದು ಇರುತ್ತದೆ, ಅದನ್ನು ಮುರಿದು ತೆಗೆಯಿರಿ. ರೆಕ್ಕೆಗಳ ತುದಿಯನ್ನು ಓರೆಯಾಗಿ ಕತ್ತರಿಸಿ ಚಾಕುವಿನ ಬೆನ್ನಿನಿಂದ ಒತ್ತಿ ಎಳೆದರೆ ಒಳಗೆ ನಿಂತ ಕಪ್ಪು ನೀರು ಹೊರಬರುತ್ತದೆ. ಎಣ್ಣೆಗೆ ಬಿದ್ದಾಗ ಸಿಡಿಯುವುದು ಈ ನೀರೇ.

ಎಷ್ಟು ಬೇಕು: 21/25 ಗಾತ್ರದಲ್ಲಿ ಒಂದೊಂದೂ ಸುಮಾರು 20 ಗ್ರಾಂ. ಒಬ್ಬರಿಗೆ ನಾಲ್ಕರಂತೆ 40, ಅಂದರೆ ಬಿಡಿಸಿದ್ದು 800 ಗ್ರಾಂ. ನಂತರ ಊಟ ಇಲ್ಲದಿದ್ದರೆ ಒಂದು ಕೆಜಿ ಮಾಡಿ. ಫ್ರೋಜನ್ ಸಿಗಡಿಗೆ ಮೇಲೆ ಹಿಮದ ಪದರ ಇರುತ್ತದೆ, ಕರಗಿಸಿ ಸೋಸಿದ ಮೇಲೆ ತೂಗಿ. ಕರೆದವರಲ್ಲಿ ಯಾರಿಗಾದರೂ ಸಿಗಡಿ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಬಿಡಿ. ಇದ್ದರೆ ಅವರ ತಿನಿಸಿಗೆ ಬೇರೆ ಸೌಟು, ಬೇರೆ ಎಣ್ಣೆ.

800 ಗ್ರಾಮಿಗೆ ನಾಲ್ಕು ಸಲ ಹುರಿಯಬೇಕಾಗುತ್ತದೆ. ಪ್ರತಿ ಸಲವೂ ಬಾಣಲೆ ಒರೆಸಿ, ಎಣ್ಣೆ ಒಂದು ಟೀ ಚಮಚ ಹಾಕಿ, ಮತ್ತೆ ಕಾಯಲು ಒಂದು ನಿಮಿಷ ಕೊಡಿ. ಎರಡನೇ ಸರದಿ ಮೊದಲಿನದಕ್ಕಿಂತ ಪೇಲವ ಕಂಡರೆ ಆ ಒಂದು ನಿಮಿಷ ತಪ್ಪಿದೆ ಎಂದರ್ಥ. ಹಾಕಿದಾಗಿನ ಚರ್ ಎನ್ನುವ ಸದ್ದು ತಗ್ಗಿ ಗುಳುಗುಳು ಎನ್ನತೊಡಗಿದರೆ ನೀರು ನಿಂತಿದೆ. ಆಗ ಉರಿ ಏರಿಸಿ ಬೇಯಿಸುತ್ತ ಹೋಗಬೇಡಿ. ಸಿಗಡಿ ತೆಗೆದು, ನೀರು ಚೆಲ್ಲಿ, ಬಾಣಲೆ ಕಾಯಿಸಿ ಮತ್ತೆ ಹಾಕಿ.

ಫಾಸ್ಫೇಟ್ ಇರುವ ಆ ಪ್ಯಾಕೆಟ್ಟೇ ಬಳಸುವುದಾದರೆ ಸೋಡಾ ಬಿಟ್ಟು, ಉಪ್ಪು ಕಾಲು ಚಮಚಕ್ಕೆ ಇಳಿಸಿ (ಅದರಲ್ಲಿ ಮೊದಲೇ ಉಪ್ಪಿರುತ್ತದೆ), ಎರಡು ಪದರ ಬಟ್ಟೆಯ ನಡುವೆ ಒಂದು ಗಂಟೆ ಫ್ರಿಜ್‌ನಲ್ಲಿ ಒತ್ತಿಡಿ. ನಾಲ್ಕು ಸರದಿಯಲ್ಲಿ ಮುಗಿಯುವಷ್ಟನ್ನೂ ಐದು ಮಾಡಿಕೊಳ್ಳಿ.


ಸಿಪ್ಪೆತುರಿ:

ಲೇಪದ ವಿಷಯ. ಅರ್ಧ ಕೆಜಿಗೆ ಲೆಕ್ಕ, ನೀವು 800 ಗ್ರಾಮಿಗೆ ಒಂದೂವರೆ ಪಟ್ಟು ಮಾಡಿಕೊಳ್ಳಿ.

ಆಗತಾನೆ ಹಿಂಡಿ ಸೋಸಿದ ಕಿತ್ತಳೆ ರಸ 120 ಮಿ.ಲೀ.ಯನ್ನು ಸಣ್ಣ ಸ್ಟೀಲ್ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ ಮೂರು ದೊಡ್ಡ ಚಮಚ ಉಳಿಯುವವರೆಗೆ ಬತ್ತಿಸಿ. ಐದಾರು ನಿಮಿಷ ಬೇಕು. ಇದನ್ನು ಸಿಗಡಿಯ ಜೊತೆ ಬಾಣಲೆಯಲ್ಲೇ ಬತ್ತಿಸಿದ್ದು ನಿಮ್ಮ ಸಿಗಡಿ ರಬ್ಬರ್ ಆಗಲು ಇನ್ನೊಂದು ಕಾರಣ. ರಸ ಬತ್ತುವವರೆಗೆ ಸಿಗಡಿ ಕಾಯಬೇಕಾಯಿತು. ಕೊನೆಯ ನಿಮಿಷ ಎದುರಿಗೇ ನಿಲ್ಲಿ. ಗುಳ್ಳೆಗಳು ಸಣ್ಣದಿದ್ದದ್ದು ದೊಡ್ಡದಾಗಿ, ಮಂದವಾಗಿ ಒಡೆಯತೊಡಗಿದಾಗ ಇಳಿಸಬೇಕು. ಅದು ದಾಟಿದರೆ ಸಕ್ಕರೆ ಸೀಯುತ್ತದೆ, ಕಹಿ ಮತ್ತೆ ಬರುತ್ತದೆ.

ಸಿಗಡಿ ಹುರಿದಾದ ಮೇಲೆ ಸ್ಟೀಲ್ ಬಾಣಲೆಯಲ್ಲಿ ಸಿಪ್ಪೆಯ ಘಮ ಇಳಿಸಿದ ಎಣ್ಣೆ ಎರಡು ಟೀ ಚಮಚ, ಸಣ್ಣ ಉರಿ. ಹೆಚ್ಚಿದ (ಜಜ್ಜಿದ್ದಲ್ಲ) ಬೆಳ್ಳುಳ್ಳಿ ನಾಲ್ಕು ಎಸಳು, 30 ಸೆಕೆಂಡ್. ಬಣ್ಣ ಬರಬಾರದು. ಬತ್ತಿಸಿದ ಕಿತ್ತಳೆ ರಸ ಸೇರಿಸಿ ಒಮ್ಮೆ ಗುಳ್ಳೆ ಬಂದ ಕೂಡಲೇ ಒಲೆಯಿಂದ ಇಳಿಸಿಬಿಡಿ. ಹತ್ತಕ್ಕೆ ಎಣಿಸಿ. ಈಗ ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ 30 ಗ್ರಾಂ, ಸಣ್ಣ ತುಂಡು ಮಾಡಿದ್ದು, ಒಂದೊಂದೇ ಹಾಕುತ್ತ ಬಾಣಲೆಯನ್ನು ಗುಂಡಗೆ ಆಡಿಸಿ. ಬೆಣ್ಣೆ ಅಂದರೆ ಕೊಬ್ಬಿನೊಳಗೆ ಸಣ್ಣ ನೀರಹನಿಗಳು ಸೇರಿದ್ದು. ನಿಧಾನವಾಗಿ ಕರಗಿದರೆ ಅದರ ಹಾಲಿನಂಶ ಕೊಬ್ಬನ್ನೂ ರಸವನ್ನೂ ಕೂಡಿಸಿ ಹಿಡಿದು ಮಂದ ಲೇಪ ಕೊಡುತ್ತದೆ. ಕುದಿ ತಾಗಿದರೆ ಹಿಡಿತ ಬಿಡುತ್ತದೆ. ನಿಮ್ಮದು ಒಡೆದದ್ದು ನಿಂಬೆಯಿಂದ ಅಲ್ಲ, ಉರಿಯಿಂದ. ಒಡೆದೇ ಹೋದರೆ ಒಂದು ಚಮಚ ತಣ್ಣೀರು, ಒಂದು ತುಂಡು ತಣ್ಣನೆ ಬೆಣ್ಣೆ ಹಾಕಿ ಜೋರಾಗಿ ಕಲಕಿ, ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ.

ಲೇಪ ಚಮಚದ ಬೆನ್ನಿಗೆ ಅಂಟುವಂತಾದಾಗ ಸಿಗಡಿ ಹಾಕಿ ಹೊರಳಿಸಿ. ತಟ್ಟೆಯಲ್ಲಿ ಸಿಗಡಿ ಬಿಟ್ಟ ನೀರು ನಿಂತಿರುತ್ತದೆ, ಅದನ್ನು ಸುರಿಯಬೇಡಿ, ಲೇಪ ತೆಳ್ಳಗಾಗಿ ಜಾರುತ್ತದೆ. ನಿಂಬೆರಸ ಮೊದಲು ಒಂದು ದೊಡ್ಡ ಚಮಚ, ರುಚಿ ನೋಡಿ ಇನ್ನರ್ಧ. ಹಣ್ಣುಗಳ ಲೆಕ್ಕದಲ್ಲಿ ಹಾಕಬೇಡಿ, ಒಂದು ಹಣ್ಣಿನಲ್ಲಿ ಒಂದು ಚಮಚವೂ ಇರಬಹುದು, ಮೂರೂ ಇರಬಹುದು. ಆಮೇಲೆ ತುರಿ, ಕಾಳುಮೆಣಸು.

ಮುಂಚಿತವಾಗಿ ಮಾಡಬಹುದಾದದ್ದು: ಹಿಂದಿನ ದಿನ ಸಿಗಡಿ ಬಿಡಿಸಿ, ಒರೆಸಿ, 4 ಡಿಗ್ರಿಗಿಂತ ಕೆಳಗೆ ಮುಚ್ಚಿಡಬಹುದು. ಅದೇ ದಿನ ಬೆಳಿಗ್ಗೆ ಸಿಪ್ಪೆಯ ಎಣ್ಣೆ ಮಾಡಿಕೊಳ್ಳಬಹುದು, ಉಳಿದರೆ ಹೊರಗೆ ಇಡಬೇಡಿ. ಕಿತ್ತಳೆ ರಸ ಕೂಡಲೇ ಬತ್ತಿಸಿದರೆ ಎರಡು ಗಂಟೆ ಇಟ್ಟರೂ ನಡೆಯುತ್ತದೆ, ನೇವಲ್ ಮಾತ್ರ ಬೇಡ. ಬೆಣ್ಣೆ ಲೇಪ ಮತ್ತು ತುರಿ ಮುಂಚಿತವಾಗಿ ಆಗುವುದೇ ಇಲ್ಲ.


ತಣ್ಣನೆ ತಟ್ಟೆ:

ಬಿಸಿ ಬಡಿಸುವವರಿಗೆ ಒಂದು ಸೇರಿಸುತ್ತೇನೆ. ತಟ್ಟೆಯನ್ನು ಬಿಸಿನೀರಲ್ಲಿ ಇಟ್ಟು ಒರೆಸಿ ಬಳಸಿ. ತಣ್ಣನೆ ತಟ್ಟೆಗೆ ಬಿದ್ದ ಬೆಣ್ಣೆ ಲೇಪ ಐದೇ ನಿಮಿಷದಲ್ಲಿ ಮೇಣದಂತೆ ಹೆಪ್ಪುಗಟ್ಟುತ್ತದೆ. ಮೈಕ್ರೋವೇವ್‌ನಲ್ಲಿ ಮತ್ತೆ ಬಿಸಿ ಮಾಡಲು ಹೋಗಬೇಡಿ, ಬೆಣ್ಣೆಯೂ ಒಡೆಯುತ್ತದೆ, ಸಿಗಡಿಯೂ ಮುದುಡುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟು, ಮರುದಿನ ತಣ್ಣಗೇ ಸಲಾಡ್‌ಗೆ ಹಾಕಿಕೊಳ್ಳಿ.


ಹುಳಿಸಿಹಿ:

ಇಂದು ಫಾಸ್ಫೇಟ್ ಇಲ್ಲದ 250 ಗ್ರಾಂ ತಂದು ಪರೀಕ್ಷೆಗೆ ಮಾಡಿದೆ. ನೊರೆ ಇಲ್ಲ, ಕಹಿ ಇಲ್ಲ, ಕಚ್ಚಿದರೆ ಟಕ್ ಎನ್ನುತ್ತಿದೆ. ಲೇಪ ಕೂಡಿತು. ಒಂದೇ ಕೊರತೆ, ಹುಳಿ ಸ್ವಲ್ಪ ಮೆದು ಅನಿಸಿತು. ಒಂದು ಚಮಚ ನಿಂಬೆರಸ ಪೂರ್ತಿ ಹಾಕಿದ್ದೆ, 250 ಗ್ರಾಮಿಗೆ ಅದು ಸಾಕಾಗಬೇಕಿತ್ತಲ್ಲವೇ?


ಕಬ್ಬಿಣದ ಕಾವಲಿ:

ಸೋಡಾ ಎಷ್ಟು ಹಾಕಿದಿರಿ? ಅರ್ಧ ಕೆಜಿಯ ಕಾಲು ಚಮಚವನ್ನೇ 250 ಗ್ರಾಮಿಗೂ ಹಾಕಿದ್ದರೆ ಉಳಿದ ಸೋಡಾ ನಿಂಬೆಯ ಹುಳಿಯನ್ನು ಸ್ವಲ್ಪ ನುಂಗಿದೆ. 250 ಗ್ರಾಮಿಗೆ ಚಮಚದ ಎಂಟನೇ ಒಂದು ಪಾಲು, ಅಂದರೆ ಎರಡು ಬೆರಳಲ್ಲಿ ಎರಡು ಚಿಟಿಕೆ ಸಾಕು. ಅಳತೆ ಸರಿಯೇ ಇದ್ದರೆ, ಲೇಪದಲ್ಲಿ ಉಪ್ಪು ಕಡಿಮೆಯಾಗಿದೆ. ರಸ ಹೆಚ್ಚಿಸುವ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ರುಚಿ ನೋಡಿ. ಹುಳಿ ತಾನಾಗಿ ಎದ್ದು ಬರಬಹುದು.